ಜಿಪಿಎ 2.8 ಇದ್ದರೂ ಮಗನ ಫೈನಾನ್ಶಿಯಲ್ ಏಡ್ ನಿಂತಿದೆ, ಅಪೀಲ್ ಹೇಗೆ ಬರೆಸಲಿ?

ತಿಪಟೂರು ಮಗಳು, ಕೊಲಂಬಸ್ (ಒಹಾಯೊ)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿರುವವರು, ಅದರಲ್ಲೂ ಏಡ್ ಆಫೀಸಿನ ವ್ಯವಹಾರ ಗೊತ್ತಿರುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ಮಗ ಇಲ್ಲಿನ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯಾಲಜಿ ಓದುತ್ತಿದ್ದಾನೆ. ಈ ಮೇ ತಿಂಗಳಿಗೆ ಎರಡು ವರ್ಷ ಮುಗಿಯಿತು. ನಮ್ಮೆಲ್ಲರಿಗೂ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಪ್ರತಿ ವರ್ಷ ಫಾಫ್ಸಾ, ಅಂದರೆ ಫೆಡರಲ್ ಏಡ್‌ನ ಅರ್ಜಿ, ತುಂಬುತ್ತೇವೆ. ಯಜಮಾನರ ಕಾಂಟ್ರಾಕ್ಟ್ ಕೆಲಸ ಹೋದ ಮೇಲೆ ಮನೆ ನಡೆಯುತ್ತಿರುವುದು ನನ್ನ ಡೇಕೇರ್ ಸಂಬಳದಲ್ಲಿ. ಮಗನ ಫೀಸು ಪೆಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಫೆಡರಲ್ ದುಡ್ಡು) ಮತ್ತು ಫೆಡರಲ್ ಲೋನ್ ಮೇಲೆಯೇ ನಿಂತಿದೆ. ಮುಂದಿನ ವರ್ಷಕ್ಕೆ ಎಷ್ಟು ಬರುತ್ತೆ ನೋಡೋಣ ಅಂತ ಅವನ ಹತ್ತಿರ ಪೋರ್ಟಲ್ ತೆಗೆಸಿದರೆ, ಗ್ರಾಂಟ್ ಸೊನ್ನೆ, ಲೋನ್ ಸೊನ್ನೆ. ಪಕ್ಕದಲ್ಲಿ 'ಸ್ಯಾಪ್ ಸಸ್ಪೆನ್ಶನ್' (ಓದಿನ ಪ್ರಗತಿ ಸಾಲದು ಅಂತ ಏಡ್ ತಡೆ) ಅಂತ ಕೆಂಪು ಅಕ್ಷರ.

ಅವನು ಓದದ ಹುಡುಗ ಅಲ್ಲ. ಜಿಪಿಎ, ಅಂದರೆ 4ಕ್ಕೆ ಗ್ರೇಡುಗಳ ಸರಾಸರಿ, 2.8 ಇದೆ. ಡಿಪಾರ್ಟ್‌ಮೆಂಟಿನವರ ಪ್ರಕಾರ ಅವನು 'ಗುಡ್ ಸ್ಟ್ಯಾಂಡಿಂಗ್'ನಲ್ಲೇ ಇದ್ದಾನೆ. ಮತ್ತೆ ಏಡ್ ಯಾಕೆ ನಿಂತಿತು?

ಆಗಿದ್ದು ಏನು ಅಂದರೆ, ಕಳೆದ ಅಕ್ಟೋಬರ್‌ನಲ್ಲಿ ತಿಪಟೂರಿನಲ್ಲಿ ನಮ್ಮ ಅಮ್ಮ ತೀರಿಕೊಂಡರು. ಮಗ ಆರು ವರ್ಷದವನಾಗುವ ತನಕ ಬೆಳೆದಿದ್ದೇ ಅವರ ಮಡಿಲಲ್ಲಿ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಇಬ್ಬರೂ ಸಿಕ್ಕಿದ ಫ್ಲೈಟ್ ಹತ್ತಿದೆವು. ವೈಕುಂಠ ಸಮಾರಾಧನೆ ಮುಗಿದರೂ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿರಲಿಲ್ಲ. ಸಕ್ಕರೆ ಕಾಯಿಲೆ, ಕಣ್ಣು ಸರಿಯಾಗಿ ಕಾಣಿಸದು. ನನಗೆ ರಜೆ ಇರಲಿಲ್ಲ. "ನೀನು ಹೋಗಮ್ಮ, ತಾತನ ಜೊತೆ ನಾನಿರ್ತೀನಿ" ಅಂತ ಮಗನೇ ಉಳಿದುಕೊಂಡ. ಮನೆಯಲ್ಲೇ ಇದ್ದು ನೋಡಿಕೊಳ್ಳುವವರು ಸಿಕ್ಕಿದ ಮೇಲೆ ವಾಪಸ್ ಬಂದ. ಅಷ್ಟರಲ್ಲಿ ಲ್ಯಾಬ್‌ಗಳೆಲ್ಲ ತಪ್ಪಿದ್ದವು. ಅಡ್ವೈಸರ್ "ಈ ಕ್ಲಾಸುಗಳಿಂದ ವಿತ್‌ಡ್ರಾ ಆಗು, ಡಬ್ಲ್ಯೂ ಬಂದರೆ ಜಿಪಿಎಗೆ ಏನೂ ಆಗಲ್ಲ" ಅಂದರಂತೆ. ಆನ್‌ಲೈನ್ ಇದ್ದ ಒಂದು ಕ್ಲಾಸ್ ಮಾತ್ರ ಉಳಿಸಿಕೊಂಡ.

ಲೆಕ್ಕ ಹೀಗಿದೆ. ಮೊದಲ ಸೆಮಿಸ್ಟರ್: 15 ಕ್ರೆಡಿಟ್ ತೆಗೆದುಕೊಂಡು 15 ಪಾಸ್. ಎರಡನೆಯದು: 15ರಲ್ಲಿ 11, ಕೆಮಿಸ್ಟ್ರಿಯಲ್ಲಿ ಡಬ್ಲ್ಯೂ. ಮೂರನೆಯದು, ಊರಿಗೆ ಹೋದದ್ದು: 16ರಲ್ಲಿ 3. ನಾಲ್ಕನೆಯದು: 15ರಲ್ಲಿ 11, ಮತ್ತೆ ಅದೇ ಕೆಮಿಸ್ಟ್ರಿ, ಈ ಸಲ ಎಫ್.

ಅಪೀಲ್ ಮಾಡಬಹುದು ಅಂತ ಬರೆದಿದ್ದಾರೆ. ನಾನು ಆಫೀಸಿಗೆ ಫೋನ್ ಮಾಡಿದರೆ "ನಿಮ್ಮ ಜೊತೆ ಮಾತಾಡುವ ಹಾಗಿಲ್ಲ" ಅನ್ನುತ್ತಾರೆ. ಹೆತ್ತ ತಾಯಿ ಜೊತೆ ಮಾತಾಡಲ್ಲ ಅಂದರೆ ಹೇಗೆ? ಅಪೀಲಿನಲ್ಲಿ ಏನು ಬರೆಯಬೇಕು, ಏನು ಲಗತ್ತಿಸಬೇಕು? ಅಥವಾ ಒಂದು ಸೆಮಿಸ್ಟರ್ ಸುಮ್ನೆ ಮನೆಯಲ್ಲಿ ಕೂರಿಸಿದರೆ ತಾನಾಗಿಯೇ ಸರಿಹೋಗುತ್ತಾ?

---

ಏಡ್ ಆಫೀಸ್ ಕನ್ನಡತಿ, ಮಿಷಿಗನ್

ಮೇಡಂ, ನಿಮ್ಮ ತಾಯಿಯವರ ವಿಷಯ ಓದಿ ಬೇಜಾರಾಯಿತು. ನಾನು ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ಅಪೀಲುಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ನಿಮ್ಮ ಮಗನದು ಕೈಬಿಟ್ಟು ಹೋದ ಕೇಸ್ ಅಲ್ಲವೇ ಅಲ್ಲ.

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕಂದರೆ ತುಂಬಾ ಮನೆಗಳಲ್ಲಿ ಹಾಗೇ ಮಾಡಿಬಿಡುತ್ತಾರೆ. ಮನೆಯಲ್ಲಿ ಕೂರಿಸಬೇಡಿ. ಕಾಲ ಕಳೆದರೆ ಸ್ಯಾಪ್ ಸರಿಹೋಗುವುದಿಲ್ಲ. ಹೋದಾಗ ಲೆಕ್ಕ ಎಲ್ಲಿತ್ತೋ ಬಂದಾಗಲೂ ಅಲ್ಲೇ ಇರುತ್ತದೆ.

ಈಗ ಏಡ್ ಯಾಕೆ ನಿಂತಿತು ಅನ್ನುವುದು. ಫೆಡರಲ್ ದುಡ್ಡು ತೆಗೆದುಕೊಳ್ಳುವ ವಿದ್ಯಾರ್ಥಿ ಡಿಗ್ರಿಯ ಕಡೆಗೆ ಸರಿಯಾದ ವೇಗದಲ್ಲಿ ಹೋಗುತ್ತಿದ್ದಾನಾ ಅಂತ ಕಾಲೇಜು ನೋಡಲೇಬೇಕು. ಇದು ಫೆಡರಲ್ ನಿಯಮಾವಳಿಯ 668.34ನೇ ವಿಭಾಗದಲ್ಲಿದೆ. ಮೂರು ವಿಷಯ ನೋಡುತ್ತಾರೆ. ಮೊದಲನೆಯದು ಗ್ರೇಡು. ಎರಡನೇ ವರ್ಷದ ಕೊನೆಗೆ ಸಿ ಸರಾಸರಿ, ಅಂದರೆ ಸಾಮಾನ್ಯವಾಗಿ 2.0 ಜಿಪಿಎ ಇರಬೇಕು. ನಿಮ್ಮ ಮಗ ಅದರಲ್ಲಿ ಪಾಸ್. ಇನ್ನೊಂದು ಒಟ್ಟು ಮಿತಿ. ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟಿನೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ನ ಡಿಗ್ರಿ ಆದರೆ 180. ಅವನು ಇನ್ನೂ 61ರಲ್ಲಿದ್ದಾನೆ, ಅದರ ಚಿಂತೆ ಬೇಡ.

ಅವನು ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಅದಕ್ಕೆ 'ಪೇಸ್' ಅನ್ನುತ್ತಾರೆ. ಶುರುವಿನಿಂದ ಎಷ್ಟು ಕ್ರೆಡಿಟ್ ತೆಗೆದುಕೊಂಡ, ಅದರಲ್ಲಿ ಎಷ್ಟು ಪಾಸ್ ಮಾಡಿದ. ಹೆಚ್ಚಿನ ಕಾಲೇಜುಗಳಲ್ಲಿ ಇದು 67 ಶೇಕಡಾ ಇರಬೇಕು. ನಿಮ್ಮ ಮಗ 61 ತೆಗೆದುಕೊಂಡು 40 ಪಾಸ್ ಮಾಡಿದ್ದಾನೆ. 65.6 ಶೇಕಡಾ. ಒಂದೂವರೆ ಶೇಕಡಾ ಕಡಿಮೆ ಬಿತ್ತು, ಅಷ್ಟೇ.

ಡಬ್ಲ್ಯೂ ಬಂದರೆ ಜಿಪಿಎಗೆ ಏನೂ ಆಗಲ್ಲ ಅಂದದ್ದು ನಿಜ. ಆದರೆ ಪೇಸ್ ಲೆಕ್ಕದಲ್ಲಿ ಡಬ್ಲ್ಯೂ ಅಂದರೆ ತೆಗೆದುಕೊಂಡು ಮುಗಿಸದ ಕ್ಲಾಸ್. ಅಲ್ಲಿ ಡಬ್ಲ್ಯೂಗೂ ಎಫ್‌ಗೂ ವ್ಯತ್ಯಾಸವೇ ಇಲ್ಲ. ಅಡ್ವೈಸರ್ ನೋಡುವುದು ಮಾರ್ಕ್ಸ್ ಕಾರ್ಡ್, ನಾವು ನೋಡುವುದು ಈ ಲೆಕ್ಕ. ಎರಡೂ ಕಡೆಯವರು ಮಾತಾಡಿಕೊಳ್ಳದೆ ಮಧ್ಯೆ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ಕ್ಲಾಸ್ ಬಿಡುವ ಫಾರ್ಮಿಗೆ ಏಡ್ ಆಫೀಸಿನ ಸಹಿಯೂ ಬೇಕು ಅಂತ ಎಲ್ಲ ಕಾಲೇಜುಗಳೂ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. ಕೆಲವು ಕಾಲೇಜುಗಳು ಪ್ರತಿ ಸೆಮಿಸ್ಟರ್ ಲೆಕ್ಕ ನೋಡುತ್ತವೆ. ಅಲ್ಲಿ ಮೊದಲ ಸಲ ಕಡಿಮೆ ಬಿದ್ದರೆ 'ವಾರ್ನಿಂಗ್' ಕೊಟ್ಟು ಇನ್ನೊಂದು ಸೆಮಿಸ್ಟರ್ ದುಡ್ಡು ಕೊಡಬಹುದು. ವರ್ಷಕ್ಕೊಮ್ಮೆ ನೋಡುವ ಕಡೆ ವಾರ್ನಿಂಗ್ ಕೊಡಲು ನಿಯಮವೇ ಬಿಡುವುದಿಲ್ಲ, ನೇರ ಸಸ್ಪೆನ್ಶನ್. ನಿಮ್ಮ ಮಗನ ಕಾಲೇಜು ಎರಡನೇ ಥರದ್ದು ಅನಿಸುತ್ತದೆ.

ಫೋನಿನಲ್ಲಿ ಮಾತಾಡದಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಫೆರ್ಪಾ ಅನ್ನುವ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಆ ದಾಖಲೆಗಳ ಹಕ್ಕು ಮಗನದು. ಅವನು ಒಪ್ಪಿಗೆ ಫಾರ್ಮಿಗೆ ಸಹಿ ಹಾಕಿದರೆ ನಿಮ್ಮ ಜೊತೆಯೂ ಮಾತಾಡುತ್ತಾರೆ. ಆದರೂ ಅಪೀಲ್ ಅವನೇ ಬರೆಯಲಿ. ತಾಯಿ ತಂದೆ ಬರೆದ ಪತ್ರ ಓದಿದ ತಕ್ಷಣ ಗೊತ್ತಾಗುತ್ತದೆ.

ಪತ್ರದಲ್ಲಿ ಎರಡೇ ಪ್ರಶ್ನೆಗೆ ಉತ್ತರ ಬೇಕು: ಯಾಕೆ ಹೀಗಾಯಿತು, ಈಗ ಏನು ಬದಲಾಗಿದೆ. ನಿಯಮದಲ್ಲೇ ಸಂಬಂಧಿಕರ ಸಾವು ಅನ್ನುವುದು ಒಂದು ಕಾರಣವಾಗಿ ಹೆಸರಿಟ್ಟು ಬರೆದಿದೆ. ಅಜ್ಜಿ ಅಂದರೆ ಸಾಕಾಗಲ್ಲವೇನೋ ಅನ್ನುವ ಹಿಂಜರಿಕೆ ಬೇಡ. ಆದರೆ ಸಾಕಿದ ಅಜ್ಜಿ ಅಂತ ಬರೆಯಲೇಬೇಕು. ಇಲ್ಲಿನವರಿಗೆ ಅಜ್ಜಿ ಅಂದರೆ ಹಬ್ಬಕ್ಕೆ ಹೋಗಿ ನೋಡಿ ಬರುವವರು ಅನ್ನುವ ಕಲ್ಪನೆ ಇರಬಹುದು. 'ನಾನು ಆರು ವರ್ಷದ ತನಕ ಅವರ ಮನೆಯಲ್ಲಿ ಬೆಳೆದೆ, ನಮ್ಮ ಮನೆಯಲ್ಲಿ 13ನೇ ದಿನದ ತನಕ ಕರ್ಮಗಳಿರುತ್ತವೆ, ತಾತನಿಗೆ ಕಣ್ಣು ಕಾಣದು, ಅಮ್ಮನಿಗೆ ಒಡಹುಟ್ಟಿದವರಿಲ್ಲ.' ಇಷ್ಟು ನೇರವಾಗಿ. ಕಣ್ಣೀರು ತರಿಸುವ ಮಾತು ಬೇಡ, ಕಾಲೇಜನ್ನು ಹೊಗಳುವುದೂ ಬೇಡ.

ಲಗತ್ತಿಸಬೇಕಾದ್ದು: ಮರಣ ಪ್ರಮಾಣ ಪತ್ರ. ಕರ್ನಾಟಕದಲ್ಲಿ ಜನನ-ಮರಣ ನೋಂದಣಿಯ ಇ-ಜನ್ಮ ವ್ಯವಸ್ಥೆಯಲ್ಲಿ ಸಿಗುವ ಪ್ರಮಾಣ ಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ, ಅನುವಾದ ಮಾಡಿಸುವ ಖರ್ಚು ಉಳಿಯುತ್ತದೆ. ಅದರಲ್ಲಿ ನಿಮ್ಮ ಮಗನ ಹೆಸರು ಎಲ್ಲೂ ಇರಲ್ಲ, ಅಲ್ವಾ? ಸಂಬಂಧ ತೋರಿಸಲು ನಿಮ್ಮ ಭಾರತದ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರಿರುವ ಪುಟ ಮತ್ತು ಮಗನ ಜನನ ಪ್ರಮಾಣ ಪತ್ರ ಇಡಿ. ಅವನ ವಿಮಾನ ಟಿಕೆಟ್ ಇಡಿ. ತಾತನ ಡಾಕ್ಟರ್ ಚೀಟಿ ಇದ್ದರೆ ಅದೂ ಇರಲಿ.

ಈಗ ಒಂದು ಕಷ್ಟದ ಮಾತು. ಕೆಮಿಸ್ಟ್ರಿ ಮೊದಲ ಸಲ ಬಿಟ್ಟದ್ದು ಅಜ್ಜಿ ತೀರಿಕೊಳ್ಳುವ ಮುಂಚೆ. ಎರಡನೇ ಸಲ ಫೇಲಾದದ್ದು ವಾಪಸ್ ಬಂದ ಮೇಲೆ. ಅಪೀಲ್ ಓದುವವರು ಅದನ್ನು ನೋಡದೇ ಇರುವುದಿಲ್ಲ. ಅದನ್ನು ಬಿಟ್ಟು ಬರೆದರೆ ಉಳಿದ ಪತ್ರದ ಮೇಲೂ ನಂಬಿಕೆ ಹೋಗುತ್ತದೆ. ಅವನ ಹತ್ತಿರ ಕೂತು ಕೇಳಿ. ಗಣಿತದ ತಳಪಾಯ ಕಡಿಮೆ ಇದೆಯಾ? ಬಯಾಲಜಿ ಅವನಿಗೇ ಬೇಕಾದದ್ದಾ? ಉತ್ತರ ಏನೇ ಇರಲಿ, ಅದಕ್ಕೆ ಏನು ಮಾಡುತ್ತಿದ್ದಾನೆ ಅನ್ನುವುದು ಪತ್ರದಲ್ಲಿ ಬರಬೇಕು. ಟ್ಯೂಟರಿಂಗ್ ಸೆಂಟರ್‌ಗೆ ಹೆಸರು ಕೊಟ್ಟಿದ್ದರೆ ಅದರ ಇಮೇಲ್ ಲಗತ್ತಿಸಲಿ. 'ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ' ಅನ್ನುವ ಒಂದು ವಾಕ್ಯ ಸಾಲದು.

ಅಪೀಲ್ ಒಪ್ಪಿದರೆ ಒಂದು ಸೆಮಿಸ್ಟರ್ 'ಪ್ರೊಬೇಶನ್' ಕೊಡುತ್ತಾರೆ, ಪೆಲ್ ಮತ್ತು ಲೋನ್ ಎರಡೂ ವಾಪಸ್ ಬರುತ್ತವೆ. ಆ ಸೆಮಿಸ್ಟರ್‌ನಲ್ಲಿ 12 ತೆಗೆದುಕೊಂಡು 12 ಪಾಸ್ ಮಾಡಿದರೆ 73ಕ್ಕೆ 52, ಅಂದರೆ 71 ಶೇಕಡಾ. ಅಲ್ಲಿಗೆ ಮುಗಿಯಿತು. ನಿರಾಕರಿಸಿದರೆ ವಾಷಿಂಗ್ಟನ್‌ಗೆ ಬರೆದು ಪ್ರಯೋಜನ ಇಲ್ಲ, ಈ ವಿಷಯದಲ್ಲಿ ಕಾಲೇಜಿನ ತೀರ್ಮಾನವೇ ಕೊನೆ. ಅದಕ್ಕೇ ಮೊದಲ ಪತ್ರವೇ ಸರಿಯಾಗಿರಬೇಕು. ಕೊನೇ ತಾರೀಕು ಯಾವತ್ತು ಅಂತ ಇವತ್ತೇ ನೋಡಿ.

---

ಅಟ್ಲಾಂಟಾ ಅಪ್ಪ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫೆಡರಲ್ ನಿಯಮ ಬೇರೆ, ರಾಜ್ಯದ ಸ್ಕಾಲರ್‌ಶಿಪ್ ನಿಯಮ ಬೇರೆ. ಇಲ್ಲಿ ಜಾರ್ಜಿಯಾದಲ್ಲಿ ಹೋಪ್ ಸ್ಕಾಲರ್‌ಶಿಪ್ ಇದೆ. ಅದಕ್ಕೆ 3.0 ಜಿಪಿಎ ಬೇಕು. ತೆಗೆದುಕೊಂಡ ಕ್ರೆಡಿಟ್ 30, 60, 90 ಆದಾಗೆಲ್ಲ ನೋಡುತ್ತಾರೆ. ಪಾಸ್ ಮಾಡಿದ ಕ್ರೆಡಿಟ್ ಅಲ್ಲ, ತೆಗೆದುಕೊಂಡ ಕ್ರೆಡಿಟ್. ಈ ಹುಡುಗ ಇಲ್ಲಿ ಇದ್ದಿದ್ದರೆ 60ರ ಹತ್ತಿರ 2.8 ಅಂತ ಹೋಪ್ ಕೂಡ ನಿಲ್ಲುತ್ತಿತ್ತು.

ನನ್ನ ಮಗಳಿಗೆ ಹೋಪ್ ಇದೆ. ಪ್ರತಿ ಸೆಮಿಸ್ಟರ್ ಶುರುವಿಗೆ ನಾವಿಬ್ಬರೂ ಅಡುಗೆಮನೆ ಟೇಬಲ್ಲಿನಲ್ಲಿ ಕೂತು ಎಷ್ಟು ಕ್ರೆಡಿಟ್ ಆಯಿತು, ಮುಂದಿನ ಗಡಿ ಯಾವಾಗ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತೇವೆ. ಗಡಿ ಬರುವ ಸೆಮಿಸ್ಟರ್‌ನಲ್ಲಿ ಅತಿ ಕಷ್ಟದ ಎರಡು ಕ್ಲಾಸ್ ಒಟ್ಟಿಗೆ ಹಾಕಿಕೊಳ್ಳಬೇಡ ಅಂತ ಹೇಳುತ್ತೇನೆ. ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ವರ್ಷದ ಕೊನೆಗೆ ಪರೀಕ್ಷೆ, ಪಾಸಾದರೆ ಮುಂದಕ್ಕೆ. ಇಲ್ಲಿ ಯಾವ ಕ್ಲಾಸು, ಎಷ್ಟು ಕ್ಲಾಸು, ಯಾವಾಗ ಬಿಡೋದು ಅನ್ನುವುದೇ ದುಡ್ಡಿನ ವಿಷಯ. ಇದನ್ನು ಮಕ್ಕಳಿಗೆ ಯಾರೂ ಕೂರಿಸಿ ಹೇಳಿಕೊಡಲ್ಲ.

ನಿಮ್ಮ ಮಗನಿಗೆ ಒಹಾಯೊದ್ದು ಅಥವಾ ಕಾಲೇಜಿನದ್ದೇ ಬೇರೆ ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತನ್ನು ಬೇರೆಯಾಗಿ ಓದಿ. ಸ್ಯಾಪ್ ಅಪೀಲ್ ಗೆದ್ದರೂ ಅದು ತಾನಾಗಿಯೇ ವಾಪಸ್ ಬರಲಿಕ್ಕಿಲ್ಲ.

---

ತಿಪಟೂರು ಮಗಳು, ಕೊಲಂಬಸ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದೂವರೆ ಶೇಕಡಾ ಮಾತ್ರ ಕಡಿಮೆ ಅಂತ ಓದಿದ ಮೇಲೆ ಮಗನ ಮುಖದಲ್ಲಿ ಸ್ವಲ್ಪ ಜೀವ ಬಂತು. ಅವನ ಜೊತೆ ಕೂತು ಕೇಳಿದೆ. ಕೆಮಿಸ್ಟ್ರಿ ಲೆಕ್ಕಗಳಲ್ಲೇ ಎಡವುತ್ತಿದ್ದಾನೆ, ಗಣಿತ ಕಷ್ಟ. ಬಯಾಲಜಿ ಬಿಡಲು ಮನಸ್ಸಿಲ್ಲ. ಟ್ಯೂಟರಿಂಗ್‌ಗೆ ಹೆಸರು ಕೊಟ್ಟಿದ್ದಾನೆ. ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇ-ಜನ್ಮ ಪ್ರಮಾಣ ಪತ್ರ ಕಳಿಸುತ್ತೇನೆ ಅಂದಿದ್ದಾನೆ.

ಒಂದು ಪ್ರಶ್ನೆ. ಈ ಬೇಸಿಗೆಯಲ್ಲಿ ಕೈಯಿಂದ ದುಡ್ಡು ಹಾಕಿ ಅದೇ ಕೆಮಿಸ್ಟ್ರಿ ಮಾಡಿಸಿದರೆ ಏನಾದರೂ ಉಪಯೋಗ ಇದೆಯಾ?

---

ಏಡ್ ಆಫೀಸ್ ಕನ್ನಡತಿ, ಮಿಷಿಗನ್

ಬೇಸಿಗೆ ಕ್ಲಾಸ್ ಒಳ್ಳೆಯ ಯೋಚನೆ, ಆದರೆ ಕೆಮಿಸ್ಟ್ರಿ ಬೇಡ. ಲೆಕ್ಕ ಹಾಕಿ ನೋಡಿ. 3 ಕ್ರೆಡಿಟ್‌ನ ಒಂದು ಕ್ಲಾಸ್ ಪಾಸ್ ಮಾಡಿದರೆ 64ಕ್ಕೆ 43 ಆಗುತ್ತದೆ, 67.2 ಶೇಕಡಾ. ಅವನು ಗೆರೆ ದಾಟಿಬಿಟ್ಟ! ಅಪೀಲ್ ಇಲ್ಲದೆಯೇ ಏಡ್ ವಾಪಸ್ ಬರುವ ದಾರಿ ಇದು. ಕೆಮಿಸ್ಟ್ರಿ 4 ಕ್ರೆಡಿಟ್ ತೆಗೆದುಕೊಂಡು ಪಾಸಾದರೆ 67.7, ಆದರೆ ಮತ್ತೆ ಹೋದರೆ 65ಕ್ಕೆ 40, 61.5ಕ್ಕೆ ಇಳಿಯುತ್ತಾನೆ. ಬೇಸಿಗೆಯಲ್ಲಿ ಇಡೀ ಸೆಮಿಸ್ಟರಿನ ಪಾಠವನ್ನು ಕೆಲವೇ ವಾರಕ್ಕೆ ತುರುಕುತ್ತಾರೆ. ಗಣಿತದಲ್ಲಿ ಎಡವುತ್ತಿರುವ ಹುಡುಗನಿಗೆ ಅದು ಸರಿಯಾದ ಜಾಗ ಅಲ್ಲ. ಡಿಗ್ರಿಗೆ ಹೇಗೂ ಬೇಕಿರುವ ಇತಿಹಾಸ, ಸೋಷಿಯಾಲಜಿ ಥರದ್ದು ಒಂದು ತೆಗೆದುಕೊಳ್ಳಲಿ.

ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದರೆ ಖರ್ಚು ಕಡಿಮೆ. ಹೊರಗಿನ ಕಾಲೇಜಿನಿಂದ ಬಂದ ಕ್ರೆಡಿಟ್ ಅನ್ನು ಯೂನಿವರ್ಸಿಟಿ ಒಪ್ಪಿಕೊಂಡರೆ ಅದು ತೆಗೆದುಕೊಂಡದ್ದಕ್ಕೂ ಸೇರುತ್ತದೆ, ಪಾಸಾದದ್ದಕ್ಕೂ ಸೇರುತ್ತದೆ. ಆ ಒಪ್ಪಿಗೆಯನ್ನು ಕ್ಲಾಸಿಗೆ ಸೇರುವ ಮುಂಚೆಯೇ ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ಮುಗಿದ ತಕ್ಷಣ ಟ್ರಾನ್ಸ್‌ಕ್ರಿಪ್ಟ್ ಕಳಿಸಿ, ಏಡ್ ಆಫೀಸಿಗೆ 'ನನ್ನ ಸ್ಯಾಪ್ ಮತ್ತೊಮ್ಮೆ ನೋಡಿ' ಅಂತ ಇಮೇಲ್ ಮಾಡಲಿ. ತಾವಾಗಿಯೇ ನೋಡುತ್ತಾರೆ ಅಂತ ಕಾಯಬಾರದು.

ಹಾಗಂತ ಅಪೀಲ್ ನಿಲ್ಲಿಸಬೇಡಿ. ಎರಡೂ ನಡೆಯಲಿ. ಬೇಸಿಗೆ ಕ್ಲಾಸಿಗೆ ಸೇರಿರುವುದೇ 'ಏನು ಬದಲಾಗಿದೆ' ಅನ್ನುವುದಕ್ಕೆ ಪತ್ರದಲ್ಲಿ ಒಳ್ಳೆಯ ಪುರಾವೆ.

---

ಬ್ಲೂಮಿಂಗ್ಟನ್ ಎಂಎಸ್

ಅಕ್ಕ, ನಾನು ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಇದ್ದೇನೆ. ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಆಪರೇಶನ್ ಇದೆ, ಸೆಪ್ಟೆಂಬರ್‌ನಲ್ಲಿ ಹೋಗಬೇಕಾಗಬಹುದು. ನನಗೂ ಈ ಪೇಸ್ ಲೆಕ್ಕ ಅನ್ವಯಿಸುತ್ತಾ?

---

ಏಡ್ ಆಫೀಸ್ ಕನ್ನಡತಿ, ಮಿಷಿಗನ್

ಇಲ್ಲ ತಮ್ಮಾ, ಎಫ್-1ನವರಿಗೆ ಪೆಲ್, ಫೆಡರಲ್ ಲೋನ್ ಸಿಗುವುದೇ ಇಲ್ಲ, ಹಾಗಾಗಿ ಈ ಲೆಕ್ಕ ನಿನಗಿಲ್ಲ. ಆದರೆ ನಿನ್ನದು ಇದಕ್ಕಿಂತ ಸೂಕ್ಷ್ಮ. ನೀನು ಫುಲ್ ಟೈಮ್ ಓದುತ್ತಲೇ ಇರಬೇಕು. ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಕಾಲೇಜಿನ ಅಧಿಕಾರಿ) ಒಪ್ಪಿಗೆ ಇಲ್ಲದೆ ಕ್ಲಾಸ್ ಬಿಟ್ಟು ಅದಕ್ಕಿಂತ ಕೆಳಗೆ ಹೋದರೆ ವೀಸಾ ಸ್ಟೇಟಸ್‌ಗೇ ತೊಂದರೆ. ಟಿಕೆಟ್ ಮಾಡುವ ಮುಂಚೆ ಇಂಟರ್‌ನ್ಯಾಶನಲ್ ಆಫೀಸಿಗೆ ಹೋಗು. ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿದ್ದರೆ ಡಿಪಾರ್ಟ್‌ಮೆಂಟಿನ ಜಿಪಿಎ ಷರತ್ತೂ ಕೇಳಿಕೋ. ತಂದೆಯವರ ಆಪರೇಶನ್ ಚೆನ್ನಾಗಿ ಆಗಲಿ.

ತಿಪಟೂರಿನ ಮೇಡಂ, ಪತ್ರ ಬರೆದಾದ ಮೇಲೆ ಮಗ ಒಪ್ಪಿದರೆ ಹೆಸರು, ಐಡಿ ತೆಗೆದು ನನಗೆ ಕಳಿಸಲಿ. ಓದಿ ಎಲ್ಲಿ ಗಟ್ಟಿ ಮಾಡಬೇಕು ಅಂತ ಹೇಳುತ್ತೇನೆ. ಕೆಮಿಸ್ಟ್ರಿಯ ಪ್ಯಾರಾ ಮರೆಯಬೇಡಿ ಅನ್ನಿ.